ಕಾಲುವೆಯ ಗಂಟಲಲ್ಲಿ ನೀರಿನ ಲೆಕ್ಕ

ರಾಕಿ ಪರ್ವತಗಳಲ್ಲಿ ಕರಗಿದ ಹಿಮವನ್ನು ಹೊತ್ತು ಕೊಲರಾಡೊದ ಬಯಲಿಗೆ ಇಳಿಯುವ ಕ್ಯಾಶ್ ಲ ಪೂಡರ್ ದೊಡ್ಡ ನದಿಯೇನಲ್ಲ. ಆದರೆ ಮಳೆ ಕಡಿಮೆಯಿರುವ ಆ ಸೀಮೆಯ ಬೆಳೆಗೆ ಅದೇ ಆಧಾರ. 1870ರಲ್ಲಿ ಯೂನಿಯನ್ ಕಾಲೊನಿ ಎಂಬ ಗುಂಪೊಂದು ನದಿಯ ಕೆಳಭಾಗದಲ್ಲಿ ಗ್ರೀಲಿ ಎಂಬ ಊರು ಕಟ್ಟಿ ಕಾಲುವೆ ತೋಡಿಕೊಂಡಿತು. ಕೆಲವೇ ವರ್ಷಗಳಲ್ಲಿ ಮೇಲ್ಭಾಗದ ಫೋರ್ಟ್ ಕಾಲಿನ್ಸ್‌ನವರೂ ಕಾಲುವೆ ತೆಗೆದರು. 1874ರ ಬರದ ಬೇಸಿಗೆಯಲ್ಲಿ ಮೇಲಿನವರು ನೀರು ತಿರುಗಿಸಿಕೊಂಡಾಗ ಕೆಳಗಿನವರ ಬೆಳೆ ಬಾಡತೊಡಗಿತು. ಎರಡೂ ಊರಿನವರು ಒಂದು ಶಾಲೆಯಲ್ಲಿ ಸೇರಿ ಜಗಳವಾಡಿದರು. ಆಮೇಲೆ ಮಳೆ ಬಂದು ಆ ವರ್ಷದ ಕಾವು ಇಳಿಯಿತು, ಪ್ರಶ್ನೆ ಮಾತ್ರ ಹಾಗೆಯೇ ಉಳಿಯಿತು. ಎರಡು ವರ್ಷಗಳ ನಂತರ ಕೊಲರಾಡೊ ರಾಜ್ಯವಾದಾಗ, ಯಾರು ಮೊದಲು ನೀರು ಬಳಸಿದರೋ ಅವರಿಗೆ ಮೊದಲ ಹಕ್ಕು ಎಂಬ ನಿಯಮ ಅದರ ಸಂವಿಧಾನದಲ್ಲೇ ಸೇರಿತು.

ಹಕ್ಕು ಕಾಗದದ ಮೇಲೆ ಬಂತು. ಆದರೆ ಇವನಿಗೆ ಇಷ್ಟು, ಅವನಿಗೆ ಅಷ್ಟು ಎಂದು ಬರೆದ ಮೇಲೆ ಆ ‘ಇಷ್ಟು’ ಕಾಲುವೆಯಲ್ಲಿ ನಿಜವಾಗಿ ಹರಿಯುತ್ತಿದೆಯೇ ಎಂದು ಕಾಣಿಸುವುದು ಹೇಗೆ? ಗಣಿಗಾರರಿಂದ ಬಂದ ‘ಮೈನರ್ಸ್ ಇಂಚ್’ ಎಂಬ ಅಳತೆ ಅಲ್ಲಿ ರೂಢಿಯಲ್ಲಿತ್ತು. ಅದು ಒಂದೊಂದು ರಾಜ್ಯದಲ್ಲಿ ಒಂದೊಂದು ಬಗೆ. ಕೊಲರಾಡೊದಲ್ಲಿ 38.4 ಇಂಚು ಸೇರಿದರೆ ಒಂದು ಕ್ಯುಸೆಕ್, ಬೇರೆ ಕಡೆ 40 ಅಥವಾ 50 ಬೇಕು. ಕ್ಯುಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 28.3 ಲೀಟರ್. ಮಳೆಗಾಲದಲ್ಲಿ ಜಲಾಶಯಗಳ ಒಳಹರಿವು, ಹೊರಹರಿವುಗಳನ್ನು ಪತ್ರಿಕೆಯಲ್ಲಿ ದಿನವೂ ಓದುವ ನಮಗೆ ಈ ಮಾತು ಹೊಸದಲ್ಲ. ಆದರೆ ಹೊಲದ ತೂಬಿನ ಬಳಿ ನಿಂತ ರೈತನಿಗೆ ಒಂದು ಕ್ಯುಸೆಕ್ ಎಂದರೆ ಎಷ್ಟು ಎಂದು ಕಣ್ಣಳತೆಯಲ್ಲಿ ತಿಳಿಯುವುದು ಸಾಧ್ಯವಿಲ್ಲ. ನೀರುಗಂಟಿ ಎಷ್ಟೇ ಪ್ರಾಮಾಣಿಕನಾದರೂ ಅವನ ಮಾತನ್ನು ಒಪ್ಪದವರು ಇದ್ದೇ ಇರುತ್ತಾರೆ. ಎರಡೂ ಕಡೆಯವರು ತಾವೇ ಬಂದು ಓದಿಕೊಳ್ಳಬಲ್ಲ ಅಳತೆ ಬೇಕಾಗಿತ್ತು.

ಜಗಳದ ಒಂದು ಪಕ್ಷವಾಗಿದ್ದ ಅದೇ ಫೋರ್ಟ್ ಕಾಲಿನ್ಸ್‌ನಲ್ಲಿ ಕೊಲರಾಡೊ ಕೃಷಿ ಕಾಲೇಜು ಇತ್ತು. ಇಂದು ಅದರ ಹೆಸರು ಕೊಲರಾಡೊ ಸ್ಟೇಟ್ ಯೂನಿವರ್ಸಿಟಿ. ನೀರಾವರಿ ಎಂಜಿನಿಯರಿಂಗನ್ನು ಪ್ರತ್ಯೇಕ ವಿಷಯವಾಗಿ ಕಲಿಸಿದ ಅಮೆರಿಕದ ಮೊದಲ ಕಾಲೇಜುಗಳಲ್ಲಿ ಅದೂ ಒಂದು. ಹೂವರ್ ಅಣೆಕಟ್ಟಿನ ಹಿಂದಿನ ಮೀಡ್ ಸರೋವರ ಯಾರ ಹೆಸರು ಹೊತ್ತಿದೆಯೋ ಆ ಎಲ್ವುಡ್ ಮೀಡ್ 1880ರ ದಶಕದಲ್ಲಿ ಅಲ್ಲಿಯೇ ಪಾಠ ಹೇಳುತ್ತಿದ್ದರು. 1910ರ ದಶಕದಲ್ಲಿ ಕಾಲೇಜಿನ ಪ್ರಯೋಗ ಕೇಂದ್ರವೂ ಕೇಂದ್ರ ಸರ್ಕಾರದ ಕೃಷಿ ಇಲಾಖೆಯೂ ಕೂಡಿ ಅಲ್ಲೊಂದು ಜಲಪ್ರಯೋಗಾಲಯ ನಡೆಸತೊಡಗಿದವು.

ಆಗ ಕಾಲುವೆಯ ನೀರನ್ನು ಅಳೆಯಲು ಮುಖ್ಯ ಸಾಧನವೆಂದರೆ ಅಡ್ಡಗಟ್ಟೆ. ಕೆರೆಯ ಕೋಡಿಯ ಹಾಗೆ ನೀರು ಗಟ್ಟೆಯ ಮೇಲಿಂದ ಧುಮುಕುತ್ತದೆ. ಗಟ್ಟೆಯ ಅಂಚಿನಿಂದ ನೀರು ಎಷ್ಟು ಎತ್ತರದಲ್ಲಿದೆ ಎಂದು ನೋಡಿದರೆ ಹರಿವು ಸಿಗುತ್ತದೆ. ಲೆಕ್ಕ ಸರಿಯೇ, ತೊಂದರೆ ನೆಲದ್ದು. ನೀರು ಧುಮುಕಬೇಕಾದರೆ ಆಚೆ ಬದಿಯ ಮಟ್ಟ ಸಾಕಷ್ಟು ಕೆಳಗಿರಬೇಕು. ಇಳಿಜಾರು ಅತಿ ಕಡಿಮೆಯಿರುವ ಬಯಲಿನ ಕಾಲುವೆಯಲ್ಲಿ ಅಷ್ಟು ಎತ್ತರವನ್ನು ಕಳೆದುಕೊಂಡರೆ ಮೇಲಿನ ಹೊಲಗಳಿಗೆ ನೀರು ಹತ್ತುವುದಿಲ್ಲ. ಜೊತೆಗೆ ಗಟ್ಟೆಯ ಹಿಂದೆ ಹೂಳು ತುಂಬುತ್ತದೆ, ತುಂಬಿದಂತೆ ಅಳತೆ ತಪ್ಪುತ್ತಾ ಹೋಗುತ್ತದೆ.

ಫೋರ್ಟ್ ಕಾಲಿನ್ಸ್‌ನ ಆ ಪ್ರಯೋಗಾಲಯದ ವಿಕ್ಟರ್ ಕೋನ್ ಇದಕ್ಕೆ ಬೇರೆ ದಾರಿ ಹುಡುಕಿದರು. ಕೊಳವೆಗಳಲ್ಲಿ ಆಗಲೇ ಬಳಕೆಯಲ್ಲಿದ್ದ ವೆಂಚುರಿ ಮೀಟರಿನ ಉಪಾಯವನ್ನು ತೆರೆದ ಕಾಲುವೆಗೆ ತಂದರು: ಎರಡೂ ಪಕ್ಕದ ಗೋಡೆಗಳು ಹತ್ತಿರ ಬಂದು, ನಡುವೆ ಕಿರಿದಾದ ಗಂಟಲಾಗಿ, ಮತ್ತೆ ಅಗಲವಾಗುವ ತೊಟ್ಟಿ. ಅಡ್ಡಗಟ್ಟೆ ಇಲ್ಲವಾದ್ದರಿಂದ ಹೂಳು ನಿಲ್ಲದೆ ಹರಿದುಹೋಗುತ್ತದೆ. ಆದರೆ ತಳ ಸಮತಟ್ಟಾಗಿದ್ದ ಈ ತೊಟ್ಟಿಯಲ್ಲಿ ಎರಡು ಕಡೆ ಮಟ್ಟ ಅಳೆದು ಲೆಕ್ಕ ಹಾಕಬೇಕಿತ್ತು. ಗಂಟಲೊಳಗೆ ಏರಿಳಿಯುವ ನೀರಿನ ಮಟ್ಟವನ್ನು ಸರಿಯಾಗಿ ಓದುವುದೂ ಸುಲಭವಿರಲಿಲ್ಲ.

ಅದನ್ನು ರೈತರ ಕೈಗೆ ಒಗ್ಗುವಂತೆ ಮಾಡಿದವರು ರಾಲ್ಫ್ ಪಾರ್ಶಲ್. 1881ರಲ್ಲಿ ಕೊಲರಾಡೊದ ಗೋಲ್ಡನ್ ಎಂಬ ಊರಿನಲ್ಲಿ ಹುಟ್ಟಿದ ಅವರು ಅದೇ ಕಾಲೇಜಿನಲ್ಲಿ ಓದಿ, ಅಲ್ಲಿಯೇ ಪಾಠ ಹೇಳಿ, 1913ರಿಂದ ಕೃಷಿ ಇಲಾಖೆಯ ನೀರಾವರಿ ಸಂಶೋಧನೆಗೆ ಸೇರಿದರು. 1915ರಿಂದ ಈ ತೊಟ್ಟಿಯ ಬೆನ್ನು ಹತ್ತಿದರು. ಕಾಲೇಜಿನ ಪ್ರಯೋಗಾಲಯದ ಜೊತೆಗೆ, ಬೆಲ್‌ವ್ಯೂ ಎಂಬ ಊರಿನ ಬಳಿ ಪೂಡರ್ ನದಿಯ ನೀರೇ ಹರಿಯುವ ಬಯಲು ಪ್ರಯೋಗಾಲಯವೊಂದೂ ಅವರಿಗಿತ್ತು. 1922ರಲ್ಲಿ ಪೇಟೆಂಟ್ ದೊರೆಯಿತು.

ಅವರು ಮಾಡಿದ ಮುಖ್ಯ ಬದಲಾವಣೆ ತಳದಲ್ಲಿದೆ. ಒಂದರಿಂದ ಎಂಟು ಅಡಿ ಅಗಲದ ಗಂಟಲಿರುವ ತೊಟ್ಟಿಗಳಲ್ಲಿ ನೀರು ಒಳಬರುವ ಭಾಗದ ತಳ ಸಮತಟ್ಟು. ಗಂಟಲಿಗೆ ಬಂದೊಡನೆ ತಳ ಎರಡು ಅಡಿ ಉದ್ದಕ್ಕೆ ಒಂಬತ್ತು ಇಂಚು ಇಳಿಯುತ್ತದೆ. ಅದರಾಚೆ ಮೂರು ಅಡಿ ಉದ್ದಕ್ಕೆ ಆರು ಇಂಚು ಏರುತ್ತದೆ. ಈ ಇಳಿತದ ಗುಟ್ಟು ತಿಳಿಯಬೇಕಾದರೆ ನೀರಿನ ಮೇಲಿನ ಅಲೆಯನ್ನು ನೆನೆಯಬೇಕು. ಆಳವಿಲ್ಲದ ನೀರಿನಲ್ಲಿ ಅಲೆ ಸಾಗುವ ವೇಗ ಆಳವನ್ನು ಅವಲಂಬಿಸಿದೆ. 30 ಸೆಂಟಿಮೀಟರ್ ಆಳದಲ್ಲಿ ಅದು ಸೆಕೆಂಡಿಗೆ ಸುಮಾರು 1.7 ಮೀಟರ್. ನೀರೇ ಅದಕ್ಕಿಂತ ವೇಗವಾಗಿ ಓಡತೊಡಗಿದರೆ ಅಲೆ ಹಿಂದಕ್ಕೆ ಏರಿ ಬರಲಾರದು, ಎಂದರೆ ಕೆಳಗೆ ನಡೆಯುವ ಯಾವುದರ ಸುದ್ದಿಯೂ ಮೇಲಿನ ನೀರಿಗೆ ಮುಟ್ಟುವುದಿಲ್ಲ. ಪಾರ್ಶಲ್ ತೊಟ್ಟಿಯ ಕಿರಿದಾದ, ಇಳಿಜಾರಾದ ಗಂಟಲು ನೀರನ್ನು ಈ ವೇಗದ ಗಡಿ ದಾಟಿಸುತ್ತದೆ. ಆಗ ಮೇಲ್ಬದಿಯ ಮಟ್ಟವನ್ನು ತೀರ್ಮಾನಿಸುವುದು ಹರಿವು ಒಂದೇ. ಕೆಳಗೆ ಯಾರೋ ತೂಬು ಮುಚ್ಚಿದರೂ, ಕಾಲುವೆಯಲ್ಲಿ ಹುಲ್ಲು ಬೆಳೆದರೂ, ಒಂದು ಮಿತಿಯವರೆಗೆ ಅಳತೆ ಅಲುಗುವುದಿಲ್ಲ. ಈ ಅಳತೆಯ ತೊಟ್ಟಿಗಳಲ್ಲಿ ಆ ಮಿತಿ ಧಾರಾಳವಾಗಿದೆ: ಗಂಟಲಿನ ಮೇಲಂಚಿನ ತಳದಿಂದ ಅಳೆದಾಗ ಕೆಳಬದಿಯ ನೀರು ಮೇಲ್ಬದಿಯ ಎತ್ತರದ ನೂರಕ್ಕೆ 70ರಷ್ಟಕ್ಕೆ ಏರುವವರೆಗೂ ಒಂದೇ ಓದು ಸಾಕು. ಅಷ್ಟೇ ಅಗಲದ ಅಡ್ಡಗಟ್ಟೆ ತಿನ್ನುವ ಎತ್ತರದಲ್ಲಿ ಇದಕ್ಕೆ ಬೇಕಾದದ್ದು ಹೆಚ್ಚುಕಡಿಮೆ ಕಾಲು ಭಾಗ.

ಓದುವ ಜಾಗವೂ ಗೊತ್ತುಮಾಡಿದ್ದು. ಒಳಬರುವ ಪಕ್ಕದ ಗೋಡೆಯ ಉದ್ದದಲ್ಲಿ ಗಂಟಲಿನಿಂದ ಹಿಂದಕ್ಕೆ ಮೂರರಲ್ಲಿ ಎರಡು ಭಾಗ ಬಂದರೆ ಅಲ್ಲಿ ಅಳತೆಪಟ್ಟಿ. ಇನ್ನೂ ನಿಖರವಾಗಿ ಬೇಕಾದರೆ ಪಕ್ಕದಲ್ಲೊಂದು ಪುಟ್ಟ ಬಾವಿ ಕಟ್ಟಿ ಸಣ್ಣ ತೂತಿನಿಂದ ಜೋಡಿಸುತ್ತಾರೆ. ತೊಟ್ಟಿಯಲ್ಲಿ ನೀರು ಎಷ್ಟೇ ಕುಣಿದರೂ ಬಾವಿಯೊಳಗೆ ಅದು ಅಲುಗದೆ ನಿಂತಿರುತ್ತದೆ. ಎರಡು ಅಡಿ ಅಗಲದ ಗಂಟಲಿರುವ ತೊಟ್ಟಿಯಲ್ಲಿ ಪಟ್ಟಿ ಒಂದು ಅಡಿ ತೋರಿಸಿದರೆ ಹರಿವು 8 ಕ್ಯುಸೆಕ್. ಎರಡು ಅಡಿ ತೋರಿಸಿದರೆ 16 ಅಲ್ಲ, ಸುಮಾರು 23.4. ಈ ಕೋಷ್ಟಕವನ್ನು ಒಂದು ಹಲಗೆಯ ಮೇಲೆ ಬರೆದು ತೊಟ್ಟಿಯ ಪಕ್ಕ ನೆಟ್ಟರೆ ಅಕ್ಷರ ಬಲ್ಲ ಯಾರಾದರೂ ತಮ್ಮ ಪಾಲನ್ನು ತಾವೇ ನೋಡಿಕೊಳ್ಳಬಹುದು. ತಿರುಗುವ ಚಕ್ರವಿಲ್ಲ, ಸವೆಯುವ ಬಿಡಿಭಾಗವಿಲ್ಲ. ಮರದ ಹಲಗೆಯಲ್ಲೋ ತಗಡಿನಲ್ಲೋ ಕಾಂಕ್ರೀಟಿನಲ್ಲೋ ಊರಿನವರೇ ಕಟ್ಟಿಕೊಳ್ಳಬಹುದು. ಈ ಸರಳತೆಯನ್ನು ನಾನು ಬಹಳ ದೊಡ್ಡ ಸಾಧನೆ ಎಂದು ಎಣಿಸುತ್ತೇನೆ.

ಸರಳತೆಯ ಹಿಂದಿನ ದುಡಿಮೆ ಸರಳವಾಗಿರಲಿಲ್ಲ. ಪಾರ್ಶಲ್ ತೊಟ್ಟಿಗಳು ಒಂದರ ಹಿಗ್ಗಿಸಿದ ರೂಪ ಇನ್ನೊಂದಲ್ಲ. ಎರಡು ಅಡಿಯದರ ಎಲ್ಲ ಅಳತೆಗಳನ್ನು ಇಮ್ಮಡಿಸಿದರೆ ನಾಲ್ಕು ಅಡಿಯದು ಸಿಗುವುದಿಲ್ಲ. ಪ್ರತಿ ಗಾತ್ರಕ್ಕೂ ನೀರು ಹರಿಸಿ, ಅಳೆದು, ಸಂಬಂಧ ಕಂಡುಹಿಡಿಯಬೇಕು. ಹತ್ತರಿಂದ ಐವತ್ತು ಅಡಿಯವರೆಗಿನ ದೊಡ್ಡ ತೊಟ್ಟಿಗಳಿಗೆ ಪ್ರಯೋಗಾಲಯದ ನೀರು ಸಾಲದೆ ಪಾರ್ಶಲ್ ಆರ್ಕನ್ಸಾ ಕಣಿವೆಯ ಕಾಲುವೆಗಳಿಗೇ ಹೋದರು. ಒಂದರಿಂದ ಮೂರು ಇಂಚಿನ ಪುಟಾಣಿ ತೊಟ್ಟಿಗಳ ಲೆಕ್ಕವನ್ನು ಫೋರ್ಟ್ ಕಾಲಿನ್ಸ್‌ನ ರಾಬಿನ್ಸನ್ 1957ರಲ್ಲಿ ಪ್ರಕಟಿಸಿದರು. ಮೊದಲು ‘ಸುಧಾರಿತ ವೆಂಚುರಿ ತೊಟ್ಟಿ’ ಎನ್ನಿಸಿಕೊಂಡಿದ್ದ ಸಾಧನ 1930ರ ಹೊತ್ತಿಗೆ ಪಾರ್ಶಲ್ ಹೆಸರನ್ನೇ ಪಡೆಯಿತು.

ಕಾಲುವೆಯಲ್ಲಿ ತುಂಬುವ ಮರಳಿನ ಸಮಸ್ಯೆಯನ್ನೂ ಪಾರ್ಶಲ್ ಬಿಡಲಿಲ್ಲ. 1930ರ ದಶಕದಲ್ಲಿ ಅವರು ರೂಪಿಸಿದ ಸುಳಿಕೊಳವೆ ನನಗೆ ತೊಟ್ಟಿಯಷ್ಟೇ ಇಷ್ಟ. ಕಾಲುವೆಯ ತಳದಲ್ಲಿ ಓರೆಯಾಗಿ ಒಂದು ಕೊಳವೆ ಹುಗಿದು, ಅದರ ನೆತ್ತಿಯನ್ನು ಉದ್ದಕ್ಕೂ ಸೀಳಿ ತೆರೆದಿಡುತ್ತಾರೆ. ತಳದಲ್ಲಿ ಉರುಳಿ ಬರುವ ಮರಳು ಸೀಳಿನೊಳಗೆ ಬೀಳುತ್ತದೆ. ಮೇಲೆ ಹಾಯುವ ನೀರಿನ ಎಳೆತಕ್ಕೆ ಕೊಳವೆಯೊಳಗಿನ ನೀರು ಸುಳಿಯಾಗಿ ತಿರುಗುತ್ತಾ ಮರಳನ್ನು ಪಕ್ಕದ ತೆರಪಿನಿಂದ ಹೊರಗೆ ಸಾಗಿಸುತ್ತದೆ. ಹರಿವಿನ ನೂರಕ್ಕೆ ಐದರಿಂದ ಹದಿನೈದು ಭಾಗ ನೀರು ಇದಕ್ಕೆ ಖರ್ಚಾಗುತ್ತದೆ. ಇಲ್ಲಿಯೂ ಎಂಜಿನ್ ಇಲ್ಲ, ಕೆಲಸ ಮಾಡುವುದು ಹರಿವೇ.

ತೊಟ್ಟಿಗೆ ದೋಷಗಳೂ ಇವೆ. ಇಳಿದು ಏರುವ ತಳವನ್ನು ಅಳತೆ ತಪ್ಪದೆ ಕಟ್ಟುವುದು ಕಷ್ಟ. ಕಟ್ಟಿದ ಮೇಲೆ ಅಡಿಯ ಮಣ್ಣು ಕುಸಿದು ತೊಟ್ಟಿ ವಾಲಿದರೆ ಪಟ್ಟಿ ಸುಳ್ಳು ಹೇಳತೊಡಗುತ್ತದೆ, ನೋಡುವವರಿಗೆ ಅದು ತಿಳಿಯುವುದೂ ಇಲ್ಲ. ಕಟ್ಟುವ ಕಷ್ಟವನ್ನು ಕಡಿಮೆ ಮಾಡಲೆಂದು 1960ರ ದಶಕದಲ್ಲಿ ಯೂಟಾ ಸ್ಟೇಟ್ ಯೂನಿವರ್ಸಿಟಿಯ ಸ್ಕೋಗರ್‌ಬೋ ಮತ್ತು ಸಂಗಡಿಗರು ಸಮತಟ್ಟಾದ ತಳದ, ಗಂಟಲನ್ನೇ ಕತ್ತರಿಸಿ ಬಿಟ್ಟ ತೊಟ್ಟಿಯೊಂದನ್ನು ಮಾಡಿದರು.

ಭಾರತದ ಕಾಲುವೆಗಳಲ್ಲಿ ಪುಣೆಯ ಸಂಶೋಧನಾ ಕೇಂದ್ರದಲ್ಲಿ ಇಂಗ್ಲಿಸ್ ಎಂಬ ಎಂಜಿನಿಯರ್ ಬೆಳೆಸಿದ ಸ್ಟ್ಯಾಂಡಿಂಗ್ ವೇವ್ ತೊಟ್ಟಿ ಹೆಚ್ಚು ಪರಿಚಿತ. ಪಾರ್ಶಲ್ ತೊಟ್ಟಿ ನಮ್ಮಲ್ಲಿ ಮುಖ್ಯವಾಗಿ ಕಾಣುವುದು ಕುಡಿಯುವ ನೀರಿನ ಮತ್ತು ಕೊಳಚೆ ನೀರಿನ ಶುದ್ಧೀಕರಣ ಘಟಕಗಳಲ್ಲಿ. ಅದಕ್ಕೆ ಭಾರತೀಯ ಮಾನಕವೂ ಇದೆ, ಸಂಖ್ಯೆ 14371. ಗಂಟಲು ದಾಟಿದ ನೀರು ಜೋರಾಗಿ ಕದಡುವುದರಿಂದ ಪಟಿಕವನ್ನು ಬೆರೆಸಲೂ ಅದೇ ಜಾಗ ಒದಗುತ್ತದೆ.

ಕೊಳಚೆ ಘಟಕದಲ್ಲಿ ನೀರಿನೊಳಗಿನ ಮರಳನ್ನು ಕೂರಿಸುವ ಮರಳುಕೋಣೆಯಲ್ಲಿ ಮಾತ್ರ ಬೇರೊಂದು ಬೇಡಿಕೆ ಏಳುತ್ತದೆ. ಅಲ್ಲಿ ನೀರಿನ ವೇಗ ಸೆಕೆಂಡಿಗೆ 0.3 ಮೀಟರಿನ ಆಸುಪಾಸಿನಲ್ಲೇ ಇರಬೇಕು. ಹೆಚ್ಚಾದರೆ ಮರಳು ಕೂರದು, ಕಡಿಮೆಯಾದರೆ ಕೊಳೆಯುವ ಕಸವೂ ಕೂತು ನಾರುತ್ತದೆ. ಬೆಳಿಗ್ಗೆ ಹೆಚ್ಚಿ ರಾತ್ರಿ ತಗ್ಗುವ ಹರಿವಿನಲ್ಲಿ ವೇಗವನ್ನು ಹಿಡಿದಿಡಲು ಪಾರ್ಶಲ್ ತೊಟ್ಟಿ ಬಳಸಿದರೆ ಕೋಣೆಯ ಅಡ್ಡಸೀಳು ಬಾಗಿದ ಬಟ್ಟಲಿನ ಆಕಾರದಲ್ಲಿರಬೇಕು. ಸಾದಾ ಆಯತದ ಕೋಣೆ ಸಾಕೆನ್ನುವುದಾದರೆ ಕೊನೆಯಲ್ಲಿ ಹರಿವು ಆಳದಷ್ಟೇ ಪ್ರಮಾಣದಲ್ಲಿ ಏರುವ ಕಂಡಿ ಬೇಕು. ಅಂಥ ಕಂಡಿಗಳು ಮೊದಲೇ ಇದ್ದವು, ಅವುಗಳ ಅಂಚು ಕೊರೆಯಲು ಕಷ್ಟವಾದ ವಕ್ರರೇಖೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆ. ಕೇಶವಮೂರ್ತಿ ಈ ಕಂಡಿಗಳ ಗಣಿತದ ಮೇಲೆ ದೀರ್ಘಕಾಲ ದುಡಿದರು. 1960ರ ದಶಕದಲ್ಲಿ ಎನ್. ಶೇಷಗಿರಿ ಅವರ ಜೊತೆ ಅದರ ಸಾಮಾನ್ಯ ಸಿದ್ಧಾಂತವನ್ನು ಕಟ್ಟಿದರು. 1980ರ ದಶಕದ ಕೊನೆಗೆ ಗಿರಿಧರ್ ಅವರೊಡನೆ ಇನ್ನೂ ಸುಲಭದ ಉತ್ತರ ತೋರಿಸಿದರು: ತಲೆಕೆಳಗಾದ ‘ವಿ’ ಆಕಾರದ ಕಂಡಿ. ತಳದ ಹತ್ತಿರದ ಸ್ವಲ್ಪ ಮತ್ತು ತುದಿಯ ಸ್ವಲ್ಪ ಭಾಗ ಬಿಟ್ಟರೆ ನಡುವೆಲ್ಲ ಅದರ ಹರಿವು ಹೆಚ್ಚುಕಡಿಮೆ ನೇರ ಗೆರೆಯಲ್ಲೇ ಏರುತ್ತದೆ. ಅದನ್ನು ಮಾಡಲು ತಗಡಿಗೆ ಎರಡು ನೇರ ಕೊಯ್ತ ಸಾಕು.