ಭುಜದೊಳಗೊಂದು ಗೂಟ

ಆಪರೇಷನ್ನಾಗಿ ಎರಡು ವಾರವಾಗಿತ್ತು. ಡಾಕ್ಟರು ಅಮ್ಮನ ಬಲಭುಜದ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರು. ಗುಂಡನೆಯ ಮೂಳೆಯ ತಲೆಯೊಳಗೆ ಎರಡು ಪುಟ್ಟ ಸ್ಕ್ರೂಗಳು ಬೆಳ್ಳಗೆ ಹೊಳೆಯುತ್ತಿದ್ದವು.

"ಮೂಳೆ ಮುರಿದಿರಲಿಲ್ಲವಲ್ಲ ಡಾಕ್ಟ್ರೇ, ಸ್ಕ್ರೂ ಯಾಕೆ?"

"ಗೂಟ ಅಂದ್ಕೊಳ್ಳಿ. ಅದಕ್ಕೆ ದಾರ ಕಟ್ಟಿದೀವಿ. ದಾರ ಎಕ್ಸ್‌ರೇಲಿ ಕಾಣಲ್ಲ, ಅಷ್ಟೆ."

ಮೂಳೆಯೊಳಗೆ ಗೂಟ, ಗೂಟಕ್ಕೆ ದಾರ! ಬಸವನಗುಡಿಯ ಮನೆ ಮುಟ್ಟುವವರೆಗೂ ಆಟೋದಲ್ಲಿ ಅಮ್ಮನ ಭುಜವನ್ನೇ ನೋಡುತ್ತ ಕೂತೆ. ಅಂದು ಹಿಡಿದ ಹುಚ್ಚು ಇನ್ನೂ ಬಿಟ್ಟಿಲ್ಲ.

ನಮ್ಮ ಭುಜದ ಕೀಲು ಎಂಥ ಧೈರ್ಯದ ಕಟ್ಟಡ ಗೊತ್ತೇ? ತೋಳುಮೂಳೆಯ ತಲೆ ದೊಡ್ಡದು, ಅದು ಕೂರುವ ಬಟ್ಟಲು ಚಿಕ್ಕದು, ಆಳವೂ ಇಲ್ಲ. ಅದಕ್ಕೇ ಕೈ ಎಲ್ಲ ದಿಕ್ಕಿಗೂ ತಿರುಗುತ್ತದೆ. ಆ ತಲೆ ಜಾರದಂತೆ ಸುತ್ತ ಅಪ್ಪಿ ಹಿಡಿದಿರುವುದು ನಾಲ್ಕು ಸ್ನಾಯುಗಳ ರಜ್ಜುಗಳು. ವೈದ್ಯರು ಅದನ್ನು ರೊಟೇಟರ್ ಕಫ್ ಎನ್ನುತ್ತಾರೆ. ಅಮ್ಮನಿಗೆ ಅದರಲ್ಲೊಂದು ವರ್ಷಾನುವರ್ಷ ಸವೆದು ಮೂಳೆಯಿಂದ ಕಿತ್ತು ಬಂದಿತ್ತು.

ಭುಜದ ಬೆಲೆ ನಮ್ಮ ಬಡಾವಣೆಗೆ ಹೊಸದಲ್ಲ. ಇಲ್ಲಿನ ನ್ಯಾಷನಲ್ ಹೈಸ್ಕೂಲಿನಲ್ಲಿ ಓದಿದ ಕ್ರಿಕೆಟಿಗ ಅನಿಲ್ ಕುಂಬ್ಳೆ 2001ರಲ್ಲಿ ಆಸ್ಟ್ರೇಲಿಯಾ ವಿರುದ್ಧದ ಮಹಾ ಟೆಸ್ಟ್ ಸರಣಿಯನ್ನು ಭುಜದ ಶಸ್ತ್ರಚಿಕಿತ್ಸೆಯಿಂದಾಗಿ ಆಡಲಾಗಲಿಲ್ಲ. ಅದೇ ವರ್ಷದ ಡಿಸೆಂಬರ್‌ನಲ್ಲಿ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ 300ನೇ ಟೆಸ್ಟ್ ವಿಕೆಟ್ ಕಿತ್ತರು. 2008ರಲ್ಲಿ ನಿವೃತ್ತರಾದಾಗ ಲೆಕ್ಕ 619! ಅಂದರೆ ಅರ್ಧಕ್ಕೂ ಹೆಚ್ಚು ವಿಕೆಟ್ ರಿಪೇರಿಯಾದ ಭುಜದ ದುಡಿಮೆ.

ಕಿತ್ತ ರಜ್ಜುವನ್ನು ಮತ್ತೆ ಮೂಳೆಗೆ ಹೊಲಿಯುವುದು ಹೇಗೆ? ಬಟ್ಟೆಗೆ ಬಟ್ಟೆ ಹೊಲಿಯಬಹುದು. ಗೋಡೆಗೆ ಬಟ್ಟೆ ಹೊಲಿಯಲಾದೀತೇ? ಬಾಸ್ಟನ್‌ನ ಅರ್ನೆಸ್ಟ್ ಕಾಡ್‌ಮನ್ ಹರಿದ ರಜ್ಜುವನ್ನು ಹೊಲಿದ ವರದಿಯನ್ನು 1911ರಲ್ಲೇ ಪ್ರಕಟಿಸಿದ್ದರು. ಮುಂದೆ ಬಹುಕಾಲ ನಡೆದ ದಾರಿ ಒಂದೇ: ಮೂಳೆಯಲ್ಲಿ ಸುರಂಗ ಕೊರೆದು ದಾರ ತೂರಿಸಿ ಆಚೆ ಬದಿಯಲ್ಲಿ ಗಂಟು ಹಾಕುವುದು. 1980ರ ದಶಕದಲ್ಲಿ ಹೊಸ ಯೋಚನೆ ಬಂತು. ಆಚೆ ಬದಿಗೆ ಹೋಗುವುದೇ ಬೇಡ, ಮೂಳೆಯೊಳಗೇ ಒಂದು ಗೂಟ ನೆಟ್ಟು ಅದರ ಕಣ್ಣಿಗೆ ದಾರ ಪೋಣಿಸಿದರೆ? ಅದೇ ಸೂಚರ್ ಆಂಕರ್. ಅಮ್ಮನ ಭುಜದಲ್ಲಿರುವ ಟೈಟಾನಿಯಂ ಗೂಟದ ದಪ್ಪ ಸುಮಾರು 5 ಮಿಲಿಮೀಟರ್, ಒಂದು ತೊಗರಿಕಾಳಿನಷ್ಟು!

ದಾರವೂ ಸಾಮಾನ್ಯದ್ದಲ್ಲ. ಅದರಲ್ಲಿರುವುದು ಗುಂಡು ತಡೆಯುವ ಜಾಕೆಟ್ಟಿಗೂ ಹಡಗಿನ ಹಗ್ಗಕ್ಕೂ ಬಳಸುವ ಪಾಲಿಎಥಿಲೀನ್ ಎಳೆ. ಹೊಲಿಯುವುದೂ ಭುಜವನ್ನು ಅಗಲವಾಗಿ ಸೀಳದೆಯೇ: ಪೆನ್ಸಿಲಿಗಿಂತ ತೆಳ್ಳಗಿನ ಕ್ಯಾಮೆರಾ ಒಂದು ತೂತಿನಲ್ಲಿ, ಸಲಕರಣೆಗಳು ಬೇರೆ ತೂತುಗಳಲ್ಲಿ. ಗಂಟನ್ನು ಹೊರಗೆ ಹಾಕಿ, ಕಡ್ಡಿಯಿಂದ ಕೊಳವೆಯೊಳಗೆ ತಳ್ಳಿ ತಳ್ಳಿ ಭುಜದಾಳಕ್ಕೆ ಇಳಿಸುತ್ತಾರೆ. ಮೊದಲ ಗಂಟು ಜಾರಬೇಕು, ಮುಂದಿನವು ಎದುರುಬದುರು ಕಚ್ಚಬೇಕು. ಗಾಂಧಿಬಜಾರಿನಲ್ಲಿ ಮಲ್ಲಿಗೆ ಕಟ್ಟುವವರ ಬೆರಳನ್ನು ಅರ್ಧ ಗಂಟೆ ನಿಂತು ನೋಡಿದ್ದೇನೆ. ಜಾರಿಸಿ ಬಿಗಿಯುವ ಅದೇ ಜಾಣ್ಮೆ ಅಲ್ಲೂ ಇದೆ, ಹೂವಿಗೆ ನೋವಾಗದಷ್ಟು ಹದವಾಗಿ!

ಇನ್ನೊಂದು ಕೇಳಿ. ಗೂಟವನ್ನು ಯಾವ ಕೋನದಲ್ಲಿ ನೆಡಬೇಕು? ಅಮೆರಿಕದ ಶಸ್ತ್ರವೈದ್ಯ ಸ್ಟೀಫನ್ ಬರ್ಕ್‌ಹಾರ್ಟ್‌ಗೆ ಇದಕ್ಕೆ ಉತ್ತರ ಹೊಳೆದದ್ದು ದಕ್ಷಿಣ ಟೆಕ್ಸಾಸ್‌ನ ಬೇಲಿಯ ಸಾಲಿನಲ್ಲಿ! ಬೇಲಿಕಂಬ ವಾಲದಂತೆ ನೆಲದಲ್ಲಿ ಹೂತ ಭಾರಕ್ಕೆ ತಂತಿ ಬಿಗಿಯುವ ಬಗೆಯನ್ನು ನೋಡಿ, ಗೂಟ ಎಳೆತಕ್ಕೆ ವಿರುದ್ಧವಾಗಿ ಓರೆಯಾಗಿರಲಿ, ಕೋನ 45 ಡಿಗ್ರಿ ಮೀರದಿರಲಿ ಎಂದು 1995ರಲ್ಲಿ ಬರೆದರು. ಸ್ಕ್ರೂ ಗೂಟಕ್ಕೆ ನೇರವೇ ವಾಸಿ ಎಂದು ಆಮೇಲೆ ವಾದಿಸಿದವರೂ ಇದ್ದಾರೆ. ಆದರೆ ಇದನ್ನು ಓದಿದಾಗ ನನಗೆ ಥಟ್ಟನೆ ನೆನಪಾದದ್ದು ಚಾಮರಾಜಪೇಟೆಯ ಫೋರ್ಟ್ ಹೈಸ್ಕೂಲ್ ಮೈದಾನ. ಅಲ್ಲಿ ಚಪ್ಪರ ಹಾಕಿ ನಡೆಸುವ ಶ್ರೀರಾಮಸೇವಾ ಮಂಡಳಿಯ ರಾಮನವಮಿ ಸಂಗೀತೋತ್ಸವ ಶುರುವಾದದ್ದು 1939ರಲ್ಲಿ. ಅಂಥ ಚಪ್ಪರಗಳ ಹಗ್ಗಕ್ಕೆ ಗೂಟ ಬಡಿಯುವವರು ಅದರ ತಲೆಯನ್ನು ಚಪ್ಪರದಿಂದ ಆಚೆಗೆ ವಾಲಿಸಿಯೇ ಬಡಿಯುತ್ತಾರೆ. ಕೋನಮಾಪಕ ಹಿಡಿಯದ ಕೈಗಳಿಗೆ ಇದು ಎಂದಿನಿಂದಲೂ ಗೊತ್ತು!

ಈಗ ಲೋಹವೇ ಇಲ್ಲದ ಗೂಟಗಳೂ ಬಂದಿವೆ. ಎರಡು ಮಿಲಿಮೀಟರ್‌ಗೂ ಕಿರಿದಾದ ತೂತಿನೊಳಗೆ ಬಟ್ಟೆಯ ಮೆತ್ತನೆ ಕೊಳವೆಯೊಂದನ್ನು ಇಳಿಸಿ ದಾರ ಎಳೆದರೆ, ಲಾಡಿ ಎಳೆದಾಗ ಲಂಗ ನೆರಿಗೆಗಟ್ಟುವಂತೆ ಅದು ಮುದುಡಿ ಉಂಡೆಯಾಗುತ್ತದೆ. ತೂತು ಚಿಕ್ಕದು, ಉಂಡೆ ದೊಡ್ಡದು. ಇನ್ನು ಹೊರಬರುವುದೆಲ್ಲಿಂದ!

ಇಷ್ಟೆಲ್ಲ ತಿಳಿದ ಮೇಲೂ ನನ್ನನ್ನು ಬೆರಗಾಗಿಸಿದ್ದು ಕಡೆಯ ಸಂಗತಿ. ಈ ಗೂಟ, ಈ ದಾರ, ಯಾವುದೂ ರಜ್ಜುವನ್ನು ಮೂಳೆಗೆ ಬೆಸೆಯುವುದಿಲ್ಲ! ಸಹಜವಾದ ಬೆಸುಗೆಯಲ್ಲಿ ನಾಲ್ಕು ಪದರಗಳಿವೆ: ರಜ್ಜು, ಮೆತ್ತನೆ ಮೃದ್ವಸ್ಥಿ, ಸುಣ್ಣಗಟ್ಟಿದ ಮೃದ್ವಸ್ಥಿ, ಮೂಳೆ. ಮೆತ್ತನೆಯದು ಹಂತ ಹಂತವಾಗಿ ಗಟ್ಟಿಯಾಗುತ್ತ ಹೋಗುತ್ತದೆ. ಅದನ್ನು ಹಾಗೆಯೇ ಮತ್ತೆ ಕಟ್ಟಲು ಇಂದಿಗೂ ಯಾರಿಗೂ ಆಗಿಲ್ಲ. ದೇಹ ಗಾಯದ ಅಂಗಾಂಶದಿಂದ ತನ್ನದೇ ರೀತಿಯ ಸೇತುವೆ ಕಟ್ಟಿಕೊಳ್ಳುತ್ತದೆ. ಅದಕ್ಕೆ ತಿಂಗಳುಗಳು ಬೇಕು. ಕೆಲವೊಮ್ಮೆ ಕಟ್ಟುತ್ತಿರುವಾಗಲೇ ಮತ್ತೆ ಹರಿಯುವುದೂ ಉಂಟು. ಅಷ್ಟು ದಿನ ರಜ್ಜುವನ್ನು ಮೂಳೆಗೆ ಒತ್ತಿ ಹಿಡಿದು, "ನೀನು ನಿಧಾನವಾಗಿ ಕಟ್ಟಿಕೋ, ನಾನಿದ್ದೇನೆ" ಎನ್ನುವುದಷ್ಟೇ ಗೂಟದ ಕೆಲಸ. ಆರು ವಾರ ಕೈಯನ್ನು ಜೋಳಿಗೆಯಲ್ಲಿ ಕಟ್ಟಿಕೊಂಡು ಅಮ್ಮ ಮಾಡಿದ್ದೂ ಅದನ್ನೇ, ಕಾಯುವ ಕೆಲಸ.

ರಾಮನವಮಿಯ ಸಂಗೀತ ಕಛೇರಿಗೆ ಅಮ್ಮನನ್ನು ಕರೆದುಕೊಂಡು ಹೋದೆ. ಬಲಗೈಯಲ್ಲಿ ತೊಡೆಯ ಮೇಲೆ ಆದಿತಾಳ ಬೀಳುತ್ತಿತ್ತು. ಕಛೇರಿ ಕೇಳಲಾಗದೆ ನಾನು ಆ ಕೈಯನ್ನೇ ನೋಡುತ್ತಿದ್ದೆ. ಉತ್ಸವ ಮುಗಿದರೆ ಚಪ್ಪರವನ್ನೂ ಬಿಚ್ಚುತ್ತಾರೆ, ಗೂಟವನ್ನೂ ಕೀಳುತ್ತಾರೆ. ಅಮ್ಮನ ಭುಜದಲ್ಲಿ ಹಾಗಲ್ಲ. ಅಲ್ಲಿ ಚಪ್ಪರ ತನ್ನ ಕಾಲ ಮೇಲೆ ತಾನೇ ನಿಂತಿದೆ. ಎರಡು ಗೂಟಗಳು ಮಾತ್ರ, ಕೆಲಸ ಮುಗಿಸಿ, ಮೂಳೆಯೊಳಗೆ ಸುಮ್ಮನೆ ಕೂತು ತಾಳ ಕೇಳುತ್ತಿವೆ.