ಕಡತಗಳಿಗೂ ಅಂಕಿತವುಂಟು

ಓಲೆಗರಿಯ ಕಟ್ಟೊಂದರ ಮೊದಲ ಗರಿಯೂ ಕೊನೆಯ ಗರಿಯೂ ಹುಳುಗಳಿಗೆ ಆಹಾರವಾಗಿದ್ದರೆ, ಅದು ಯಾರ ಕೃತಿಯೆಂದು ತಿಳಿಯುವುದೆಂತು? ಹಸ್ತಪ್ರತಿಗಳೊಡನೆ ಒಡನಾಡಿದವರಿಗೆ ಈ ಪ್ರಶ್ನೆ ಹೊಸದಲ್ಲ. ಹೊರಗಿನ ಹೆಸರು ಅಳಿದರೂ ಒಳಗಿನ ಗುರುತು ಉಳಿದಿರುತ್ತದೆ. ವಚನವಾದರೆ ‘ಕೂಡಲಸಂಗಮದೇವ’ ಎಂಬ ಅಂಕಿತವು ಬಸವಣ್ಣನವರನ್ನೂ, ‘ಗುಹೇಶ್ವರ’ ಎಂಬುದು ಅಲ್ಲಮಪ್ರಭುಗಳನ್ನೂ, ‘ಚೆನ್ನಮಲ್ಲಿಕಾರ್ಜುನ’ ಎಂಬುದು ಅಕ್ಕಮಹಾದೇವಿಯವರನ್ನೂ ತೋರಿಸಿಕೊಡುತ್ತದೆ. ಕಂಪ್ಯೂಟರಿನ ಕಡತಗಳಿಗೂ ಇಂಥದೇ ಅಂಕಿತವಿರುವುದನ್ನು ಈ ಸಂಚಿಕೆಯ ಸಿದ್ಧತೆಯ ಕಾಲದಲ್ಲಿ ನಾನು ಅರಿತೆನು.

ರಾಜಾಜಿನಗರ, ವಿಜಯನಗರ, ಕೆಂಗೇರಿ ಮುಂತಾದೆಡೆ ನೆಲೆಸಿರುವ ನಮ್ಮ ಹಳೆಯ ವಿದ್ಯಾರ್ಥಿಗಳು ಲೇಖನಗಳನ್ನೂ ಭಾವಚಿತ್ರಗಳನ್ನೂ ಅಂತರಜಾಲದ ಮೂಲಕ ಕಳುಹಿಸಿದ್ದರು. ಇಳಿಸಿಕೊಂಡು ನೋಡಿದರೆ ಒಂಬತ್ತು ಕಡತಗಳಿಗೆ, ಹೆಸರಿನ ಕೊನೆಯಲ್ಲಿ ಚುಕ್ಕೆಯೊಡನೆ ಬರುವ ಎಕ್ಸ್‌ಟೆನ್ಷನ್ ಇರಲಿಲ್ಲ. ಯಾವ ತಂತ್ರಾಂಶದಿಂದ ತೆರೆಯಬೇಕೆಂದು ಕಂಪ್ಯೂಟರು ನಮ್ಮನ್ನೇ ಕೇಳಿತು. ಕೆಟ್ಟುಹೋದ ಕಡತಗಳೆಂದು ಬಗೆದು ಅಳಿಸಲು ಹೊರಟಿದ್ದ ನನ್ನನ್ನು ಕಂಪ್ಯೂಟರ್ ಕಲಿಸುವ ಕಿರಿಯ ಉಪಾಧ್ಯಾಯಿನಿಯೊಬ್ಬರು ತಡೆದರು: “ತಾಳಿ ಗುರುಗಳೇ, ಹೋಗಿರುವುದು ಹೆಸರಿನ ಬಾಲ ಮಾತ್ರ.”

ಅವರು ವಿವರಿಸಿದ ಮರ್ಮವಿಷ್ಟು. ಎಕ್ಸ್‌ಟೆನ್ಷನ್ ಎಂಬುದು ಡಬ್ಬಿಯ ಮೇಲೆ ಅಂಟಿಸಿದ ಚೀಟಿ. ಅದನ್ನು ಬದಲಿಸಿದರೆ ಒಳಗಿನ ಪದಾರ್ಥ ಬದಲಾಗದು. ಬಹುಪಾಲು ಕಡತಗಳ ಜಾತಿಯನ್ನು ಅವುಗಳ ಆರಂಭದ ಕೆಲವು ಬೈಟುಗಳೇ ಹೇಳುತ್ತವೆ. ಪಿಡಿಎಫ್ ಕಡತವು ಶೇಕಡಾ ಚಿಹ್ನೆಯಿಂದಲೂ ‘ಪಿಡಿಎಫ್’ ಎಂಬ ರೋಮನ್ ಅಕ್ಷರಗಳಿಂದಲೂ ಮೊದಲಾಗುತ್ತದೆ. ಜೆಪಿಇಜಿ ಛಾಯಾಚಿತ್ರದ ಮೊದಲ ಮೂರು ಬೈಟುಗಳ ಬೆಲೆ 255, 216, 255. ಇಂಥ ಗುರುತುಗಳಿಗೆ ‘ಮ್ಯಾಜಿಕ್ ಸಂಖ್ಯೆ’ ಎಂದು ಹೆಸರು. ಯೂನಿಕ್ಸ್ ವ್ಯವಸ್ಥೆಯಲ್ಲಿ 1973ರಿಂದಲೂ ಇರುವ ‘ಫೈಲ್’ ಎಂಬ ಆಜ್ಞೆಯು ಕಡತದ ಹೆಸರನ್ನು ನಂಬದೆ, ಅದರ ಬೈಟುಗಳನ್ನು ಪರೀಕ್ಷಿಸಿ ಜಾತಿಯನ್ನು ಹೇಳುತ್ತದೆ. ಲಿನಕ್ಸಿನಲ್ಲಿಯೂ ಅದು ದೊರೆಯುತ್ತದೆ.

ಆದರೆ ಒಂದೇ ಅಂಕಿತವು ಹಲವರಿಗೆ ಸಲ್ಲುವುದೂ ಉಂಟು. ಜಿಪ್ ಕಡತಗಳು ಅದರ ಕರ್ತೃ ಫಿಲ್ ಕಾಟ್ಜ್ ಅವರ ಹೆಸರಿನ ಮೊದಲಕ್ಷರಗಳಾದ ‘ಪಿಕೆ’ಯಿಂದ ಆರಂಭವಾಗುತ್ತವೆ. ಇಂದಿನ ವರ್ಡ್ ಮತ್ತು ಎಕ್ಸೆಲ್ ಕಡತಗಳೂ, ಮೊಬೈಲಿಗೆ ತಂತ್ರಾಂಶವನ್ನು ಸೇರಿಸುವ ಎಪಿಕೆ ಕಡತಗಳೂ ಒಳಗೆ ಜಿಪ್ ಕಟ್ಟುಗಳೇ. ಆದುದರಿಂದ ಕಟ್ಟನ್ನು ಬಿಚ್ಚದೆ ಒಳಗಿನ ಪಟ್ಟಿಯನ್ನು ನೋಡಿಯೇ ನಿರ್ಣಯಿಸಬೇಕು. ಮದುವೆಯ ಕರೆಯೋಲೆಯೆಂಬ ಸವಿಹೆಸರಿನಲ್ಲಿ ಎಪಿಕೆ ಕಳುಹಿಸಿ ಹಣ ದೋಚುವ ವಂಚಕರಿರುವ ಈ ಕಾಲದಲ್ಲಿ ಈ ವಿವೇಕವು ಕೇವಲ ಪಾಂಡಿತ್ಯದ ಮಾತಲ್ಲ.

ಪರೀಕ್ಷಿಸಲಾಗಿ, ಒಂಬತ್ತರಲ್ಲಿ ಐದು ಛಾಯಾಚಿತ್ರಗಳು, ಎರಡು ಪಿಡಿಎಫ್, ಒಂದು ವರ್ಡ್ ಎಂದು ತಿಳಿಯಿತು. ತಕ್ಕ ಎಕ್ಸ್‌ಟೆನ್ಷನ್ ಸೇರಿಸಿದೊಡನೆ ಎಲ್ಲವೂ ತೆರೆದುಕೊಂಡವು. ಒಂಬತ್ತನೆಯದು ಮಾತ್ರ ‘ಬರಿಯ ಪಠ್ಯ’ವೆಂಬ ಉತ್ತರ ಬಂದಿತು. ಬರಿಯ ಪಠ್ಯಕ್ಕೆ ಸಾಮಾನ್ಯವಾಗಿ ಅಂಕಿತವಿರುವುದಿಲ್ಲ. ತೆರೆದರೆ ತಲೆಯ ಮೇಲೆ ಗೀಟುಗಳುಳ್ಳ ರೋಮನ್ ಅಕ್ಷರಗಳ ಸಂತೆ! ಯಂತ್ರವು ಅದನ್ನು ಪಾಶ್ಚಾತ್ಯ ಭಾಷೆಯೊಂದರ ಬರಹವೆಂದು ಎಣಿಸಿತ್ತು. ಉಪಾಧ್ಯಾಯಿನಿಯವರು ಕಂಡೊಡನೆ “ಇದು ಹಳೆಯ ನುಡಿ” ಎಂದರು. ಯೂನಿಕೋಡ್ ಬಳಕೆಗೆ ಬರುವ ಮುನ್ನ ನುಡಿ, ಬರಹ ಮುಂತಾದ ತಂತ್ರಾಂಶಗಳಲ್ಲಿ ಕನ್ನಡ ಅಕ್ಷರಗಳ ತುಂಡುಗಳನ್ನು ರೋಮನ್ ಅಕ್ಷರಗಳ ಸ್ಥಾನಗಳಲ್ಲಿ ಕೂರಿಸಿದ್ದರು. ಆ ಲಿಪಿವಿನ್ಯಾಸವಿಲ್ಲದೆಡೆ ಕನ್ನಡವು ಹೀಗೆ ವೇಷ ಮರೆಸಿಕೊಳ್ಳುತ್ತದೆ. ಯೂನಿಕೋಡಿಗೆ ಪರಿವರ್ತಿಸಿದಾಗ ಹೊರಬಂದುದು, ಈಗ ನಮ್ಮೊಡನಿಲ್ಲದ ಹಿರಿಯ ಉಪಾಧ್ಯಾಯರೊಬ್ಬರು ತಮ್ಮ ಬೋಧನೆಯ ದಿನಗಳನ್ನು ಕುರಿತು ಬರೆದಿಟ್ಟ ನೆನಪುಗಳು. ಅವರ ಪುತ್ರರು ಹುಡುಕಿ ಕಳುಹಿಸಿದ್ದ ಆ ಬರಹಕ್ಕೆ ಬೇರೆ ಪ್ರತಿಯೇ ಇರಲಿಲ್ಲ. ನಾನು ಅಳಿಸಲು ಬೆರಳೆತ್ತಿದ್ದುದು ಅದನ್ನೇ.

ವಾಚಕರಲ್ಲಿ ನನ್ನ ವಿಜ್ಞಾಪನೆಯಿಷ್ಟೆ: ಹೆಸರಿಲ್ಲವೆಂದು ಯಾವುದನ್ನೂ ಎಸೆಯದಿರಿ, ಹೆಸರು ಚೆನ್ನಾಗಿದೆಯೆಂದು ಯಾವುದನ್ನೂ ನಂಬದಿರಿ. ಮೊದಲು ಒಂದು ಪ್ರತಿ ತೆಗೆದಿಟ್ಟು, ಅನಂತರ ಒಳಗಿನ ಅಂಕಿತವನ್ನು ನೋಡಿರಿ. ಯಂತ್ರವು ಸೋತಲ್ಲಿ ಕನ್ನಡ ಬಲ್ಲವರೊಬ್ಬರನ್ನು ಕರೆಯಿರಿ.