ವೈಫೈಗೂ ಬೇಕು ನಡುಗೋಡೆ

ಸೋದರಿಯರೇ, ನಿಮ್ಮ ಮನೆಯ ವೈಫೈಗೆ ಏನೇನು ಸೇರಿಕೊಂಡಿದೆಯೆಂದು ಎಂದಾದರೂ ಲೆಕ್ಕ ಹಾಕಿದ್ದೀರಾ? ಯಜಮಾನರ ಫೋನು, ಮಕ್ಕಳ ಲ್ಯಾಪ್‌ಟಾಪು, ಟಿವಿ, ಬಾಗಿಲ ಕ್ಯಾಮೆರಾ. ಸಾಲದ್ದಕ್ಕೆ ಬಾಡಿಗೆಯವರ, ನೆಂಟರ ಫೋನುಗಳು!

ವಠಾರದ ಮನೆಗಳಿಗೆ ನಂಬರು ಇರುವಂತೆ ಇವಕ್ಕೆಲ್ಲ ರೌಟರು ಒಂದೊಂದು ವಿಳಾಸ ಕೊಡುತ್ತದೆ. ಸಾಮಾನ್ಯವಾಗಿ ಅದು 192.168 ಎಂದು ಶುರುವಾಗುತ್ತದೆ. ಮನೆಯ ರೌಟರಿನಲ್ಲಿ ಹೆಚ್ಚಾಗಿ 256 ವಿಳಾಸಗಳ ಗುಂಪಿರುತ್ತದೆ. ಮೊದಲನೆಯದನ್ನೂ ಕೊನೆಯದನ್ನೂ ಯಾರಿಗೂ ಕೊಡುವಂತಿಲ್ಲ; ಉಳಿಯುವುದು 254. ಇದನ್ನು ಎರಡು ಪಾಲು ಮಾಡಿದರೆ ಒಂದೊಂದರಲ್ಲಿ 128, ಬಳಕೆಗೆ 126. ಇಂಥ ಪಾಲಿಗೇ ಸಬ್‌ನೆಟ್ ಎನ್ನುವುದು.

ಪಾಲು ಯಾಕೆ ಅಂತೀರಾ? ಒಂದೇ ಪಾಲಿನಲ್ಲಿರುವ ಸಾಧನಗಳು ಒಂದನ್ನೊಂದು ನೇರವಾಗಿ ತಲುಪಬಲ್ಲವು. ಹಳೆಯ ಕ್ಯಾಮೆರಾದೊಳಗೆ ಕಳ್ಳ ಹೊಕ್ಕರೆ, ಬ್ಯಾಂಕಿನ ಕಾಗದಪತ್ರ, ಮಕ್ಕಳ ಫೋಟೋ ಇರುವ ಲ್ಯಾಪ್‌ಟಾಪಿನ ಬಾಗಿಲನ್ನೂ ತಟ್ಟಿಯಾನು. ಆದರೆ ನೆನಪಿಡಿ, ಬರೀ ಪಾಲು ಮಾಡಿದರೆ ಗೋಡೆ ಏಳುವುದಿಲ್ಲ. ಈ ಪಾಲಿನವರು ಆ ಪಾಲಿಗೆ ಹೋಗದಂತೆ ರೌಟರು ತಡೆಯಬೇಕು.

ನಮಗೊಂದು ಸುಲಭ ದಾರಿಯುಂಟು. ಅನೇಕ ರೌಟರುಗಳಲ್ಲಿ ‘ಗೆಸ್ಟ್ ನೆಟ್‌ವರ್ಕ್’ ಎಂಬ ಅನುಕೂಲವಿರುತ್ತದೆ. ಅದಕ್ಕೆ ಬೇರೆ ಹೆಸರು, ಬೇರೆ ಪಾಸ್‌ವರ್ಡ್ ಇಟ್ಟು, ನೆಂಟರ ಫೋನು, ಟಿವಿ, ಕ್ಯಾಮೆರಾ ಎಲ್ಲವನ್ನೂ ಅಲ್ಲಿಗೆ ಸೇರಿಸಿ. ಮನೆಯ ಒಳ ಸಾಧನಗಳನ್ನು ತಲುಪಲು ಗೆಸ್ಟ್‌ಗೆ ಅನುಮತಿ ಕೊಡುವುದೇ ಎಂದು ಕೇಳಿದರೆ ಬೇಡ ಎನ್ನಿ. ಆಮೇಲೆ ನಿಮ್ಮ ಫೋನಿನ ಚಿತ್ರ ಟಿವಿಯಲ್ಲಿ ಮೂಡದಿದ್ದರೆ ಗಾಬರಿ ಬೇಡ. ನಡುಗೋಡೆ ಎದ್ದಿದೆ ಎಂದೇ ಅದರರ್ಥ.

ಮನೆಯೂ ಭದ್ರ, ಬಂದವರಿಗೆ ಇಲ್ಲವೆನ್ನುವ ಮುಜುಗರವೂ ಇಲ್ಲ.